ಹತ್ತು ಬೈ ಹನ್ನೆರಡರ ಹಾಲಿಗೆ ಯಾವ ಬುಕ್‌ಶೆಲ್ಫ್ ಸ್ಪೀಕರ್?

"ಯಾವ ಸ್ಪೀಕರ್ ತಗೊಳ್ಳಲಿ?" ಎಂದು ಬುಕ್‌ಶೆಲ್ಫ್ ಬಗ್ಗೆ, ಅಂದರೆ ಸ್ಟ್ಯಾಂಡಿನ ಮೇಲೋ ಕಪಾಟಿನಲ್ಲೋ ಇಡುವ ಚಿಕ್ಕ ಜೋಡಿ ಸ್ಪೀಕರಿನ ಬಗ್ಗೆ, ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಮನೆಯ ಹಾಲಿನ ಉದ್ದ-ಅಗಲ. ಬಜೆಟ್ ಆಮೇಲೆ, ಕಂಪನಿ ಹೆಸರು ಅದಕ್ಕೂ ಆಮೇಲೆ. ತುಮಕೂರಿನಲ್ಲಿ ಇದಕ್ಕೆ ಉತ್ತರ ಮುಕ್ಕಾಲು ಪಾಲು ಒಂದೇ ಥರ ಬರುತ್ತದೆ. 30×40 ಸೈಟು. ಕೆಳಗೆ ಬಾಡಿಗೆಯವರು, ಮೇಲೆ ಮನೆಯವರು. ಹಾಲು 10×12, ಜಾಸ್ತಿ ಅಂದರೆ 12×15. ಹತ್ತಡಿ ಎತ್ತರಕ್ಕೆ ಆರ್‌ಸಿಸಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಪುಟ್ಟಿ ಹೊಡೆದು ನುಣ್ಣನೆ ಪೇಂಟು. ಒಂದು ಗೋಡೆ ತುಂಬ ಷೋಕೇಸು, ಅದರ ನಡುವೆ ಟಿವಿ. ಎಸ್.ಐ.ಟಿ. ಬಡಾವಣೆಯಲ್ಲೂ ಹೀಗೇ, ಬಟವಾಡಿಯಲ್ಲೂ ಹೀಗೇ, ಕ್ಯಾತ್ಸಂದ್ರದ ಹೊಸ ಲೇಔಟ್‌ಗಳಲ್ಲೂ ಹೀಗೇ.

ಇಂಥ ಹಾಲಿನ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನಸ್ಸು ಕೇಳುವುದಕ್ಕಿಂತ ಒಂದು ಸೈಜು ಚಿಕ್ಕದು ತಗೊಳ್ಳಿ. ಆರೂವರೆ ಇಂಚಿನ ವೂಫರ್ (ಕೆಳಗಿನ ಸ್ವರ ಕೊಡುವ ದೊಡ್ಡ ಕೋನು) ಮೇಲೆ ಕಣ್ಣಿದ್ದರೆ ಐದು ಇಂಚಿನದು ತನ್ನಿ. ಉಳಿದ ದುಡ್ಡನ್ನು ಸ್ಟ್ಯಾಂಡಿಗೆ, ದಪ್ಪ ಪರದೆಗೆ, ಒಂದು ಜಮಖಾನಕ್ಕೆ ಹಾಕಿ.

ಮೊದಲು ಅಳತೆ ಟೇಪು ಹಿಡಿಯಿರಿ

ಎದುರುಬದುರು ಗೋಡೆಗಳ ನಡುವೆ ಶಬ್ದ ಓಡಾಡುತ್ತಲೇ ಇರುತ್ತದೆ. ಗೋಡೆಯಿಂದ ಗೋಡೆಗಿರುವ ದೂರ ಯಾವುದಾದರೂ ಸ್ವರದ ಅಲೆಯ ಅರ್ಧ ಉದ್ದಕ್ಕೆ ಸರಿಯಾಗಿ ಕೂತರೆ, ಆ ಸ್ವರ ಕೋಣೆಯಲ್ಲೇ ನಿಂತು ಉಬ್ಬುತ್ತದೆ. ಅಕ್ಕಪಕ್ಕದ ಸ್ವರಗಳು ಸುಮ್ಮನಿರುತ್ತವೆ, ಇದೊಂದು ಮಾತ್ರ 'ಬೂಂ' ಅನ್ನುತ್ತದೆ. ಲೆಕ್ಕ ಸುಲಭ. 562 ಅನ್ನು ಅಡಿಯ ಅಳತೆಯಿಂದ ಭಾಗಿಸಿ. ಉಬ್ಬುವ ಸ್ವರ ಎಷ್ಟು ಹರ್ಟ್ಜ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ, ಅಂತ ಸಿಗುತ್ತದೆ. 10 ಅಡಿಗೆ 56, 12 ಅಡಿಗೆ 47, 15 ಅಡಿಗೆ 37. ಶಬ್ದದ ವೇಗ ಸೆಕೆಂಡಿಗೆ ಸುಮಾರು 1125 ಅಡಿ. ಅದರ ಅರ್ಧವೇ ಈ 562.

10×12 ಹಾಲಿಗೆ ಹತ್ತಡಿ ಸೀಲಿಂಗ್ ಇದ್ದರೆ 56 ಹರ್ಟ್ಜ್ ಎರಡು ಸಲ ಬಂತು, 47 ಒಂದು ಸಲ. 10×10 ಬೆಡ್‌ರೂಮಿನಲ್ಲಿ ಉದ್ದ, ಅಗಲ, ಎತ್ತರ ಮೂರೂ ಒಂದೇ. ಮೂರು ಉಬ್ಬೂ ಸೇರಿ 56ರ ಮೇಲೇ ಕೂರುತ್ತವೆ. ಸ್ಪೀಕರಿಗೆ ಇದಕ್ಕಿಂತ ಕೆಟ್ಟ ಕೋಣೆ ಇನ್ನೊಂದಿಲ್ಲ. ಅಂಥ ಕೋಣೆಯ ಮೂಲೆಯಲ್ಲಿ ದೊಡ್ಡ ಸ್ಪೀಕರ್ ಇಟ್ಟು ಹೊಸ ಸಿನಿಮಾ ಹಾಡು ಹಾಕಿ ನೋಡಿ. ಮೊದಲು ಬೀರುವಿನ ಬಾಗಿಲು ಗಿರ್ರೆನ್ನುತ್ತದೆ. ಆಮೇಲೆ ಷೋಕೇಸಿನ ಗಾಜು, ಅದರೊಳಗಿರುವ ಸ್ಟೀಲ್ ಲೋಟಗಳು. ಕೆಳಗಿನ ಮನೆಯವರು ಬಾಗಿಲು ತಟ್ಟುವುದು ಕೊನೆಗೆ.

ಈಗ ಸ್ಪೀಕರಿನ ಕಡೆಯಿಂದ ನೋಡೋಣ. ಐದು ಇಂಚಿನ ವಾರ್ಫ್‌ಡೇಲ್ ಡೈಮಂಡ್ 12.1 ಕೆಳಗೆ 65 ಹರ್ಟ್ಜ್‌ವರೆಗೆ ಇಳಿಯುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಕ್ಯೂ ಅಕೌಸ್ಟಿಕ್ಸ್ 3020ಐ ಕೂಡ ಹೆಚ್ಚುಕಡಿಮೆ ಅಷ್ಟೇ, 64. ಆರೂವರೆ ಇಂಚಿನ ಎಲಾಕ್ ಡೆಬ್ಯೂ ಬಿ6.2 ಮಾತ್ರ 44ರವರೆಗೆ ಹೋಗುತ್ತದೆ. ಕಾಗದದ ಮೇಲೆ ಎಲಾಕ್ ಗೆದ್ದಿತು, ಅಲ್ವಾ? ಆದರೆ ನಮ್ಮ ಹತ್ತಡಿ ಕೋಣೆ ಉಬ್ಬಿಸುವುದು 47 ಮತ್ತು 56ನ್ನೇ. ಚಿಕ್ಕ ಸ್ಪೀಕರಿನ ದನಿ ಇಳಿಯಲು ಶುರುವಾಗುವ ಜಾಗದಲ್ಲಿ ಕೋಣೆ ಕೈಕೊಟ್ಟು ಎತ್ತುತ್ತದೆ, ಎರಡೂ ಸೇರಿ ಸಮ ಆಗುತ್ತದೆ. ದೊಡ್ಡ ಸ್ಪೀಕರ್ ಅಲ್ಲಿ ಮೊದಲೇ ಜೋರಾಗಿರುತ್ತದೆ, ಅದರ ಮೇಲೆ ಕೋಣೆಯ ಉಬ್ಬು ಬೇರೆ. 12×15 ಅಥವಾ ಅದಕ್ಕಿಂತ ದೊಡ್ಡ ಹಾಲು, ಊಟದ ಕೋಣೆಗೆ ಗೋಡೆಯಿಲ್ಲದೆ ತೆರೆದುಕೊಂಡಿದ್ದರೆ ಮಾತು ಬೇರೆ. ಅಲ್ಲಿ ಐದು ಇಂಚಿನದು ಸೊರಗುತ್ತದೆ, ಬಿ6.2 ಮೈ ಬಿಚ್ಚುತ್ತದೆ.

ಹಂಚಿನ ಮನೆಯಾದರೆ ಈ ಲೆಕ್ಕವನ್ನು ಪಕ್ಕಕ್ಕಿಡಿ. ಗುಬ್ಬಿ, ತಿಪಟೂರು ಕಡೆ ಹಳೇ ಮನೆಗಳಲ್ಲಿ ಹಂಚಿನ ಸಂದಿಯಿಂದ, ತೊಟ್ಟಿಯಿಂದ, ತೆರೆದ ಬಾಗಿಲುಗಳಿಂದ ಬೇಸ್ ಆಚೆ ಸೋರಿಹೋಗುತ್ತದೆ. ಅಂಥ ಪಡಸಾಲೆಯಲ್ಲಿ ಆರೂವರೆ ಇಂಚು ಬೇಕೇ ಬೇಕು. ಹೇಳಬೇಕೆಂದರೆ, ಹೊಸ ತಾರಸಿ ಮನೆಗಿಂತ ಆ ಮನೆಗಳಲ್ಲೇ ಹಾಡು ಚೆನ್ನಾಗಿ ಕೇಳುತ್ತದೆ.

ಕೆಳಗಿನ ಸ್ವರಗಳ ಕಥೆ ಇದಾದರೆ, ಮೇಲಿನ ಸ್ವರಗಳದು ಟೈಲ್ಸಿನ ಕಥೆ. ಹಾಲಿನ ನಡುವೆ ನಿಂತು ಒಂದು ಸಲ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. 'ಟಪ್' ಅಂತ ಅಲ್ಲೇ ನಿಂತರೆ ಒಳ್ಳೆಯದು. 'ಟಪ್-ರ್ರ್ರ್' ಅಂತ ತಗಡಿನ ಬಾಲ ಬಂದರೆ, ಆ ಬಾಲ ನಿಮ್ಮ ಪ್ರತಿ ಹಾಡಿಗೂ ಅಂಟಿಕೊಳ್ಳುತ್ತದೆ. ಇದಕ್ಕೆ ಮದ್ದು ಸುಲಭ. ಕೂರುವ ಜಾಗಕ್ಕೂ ಸ್ಪೀಕರಿಗೂ ನಡುವೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಬೋಳು ಗೋಡೆಗೆ ಒಂದು ಕಂಬಳಿ ಇಲ್ಲವೇ ಪುಸ್ತಕದ ಕಪಾಟು. ಆದರೆ ಬೇಸಿನ 'ಬೂಂ' ಕಂಬಳಿಗೆ ಹೆದರುವುದಿಲ್ಲ. 56 ಹರ್ಟ್ಜ್ ಅಲೆಯ ಕಾಲು ಭಾಗವೇ ಐದಡಿ ಉದ್ದ. ಬೆರಳುದಪ್ಪದ ಬಟ್ಟೆ ಅದನ್ನೇನು ಮಾಡೀತು? ಮೊಟ್ಟೆ ಟ್ರೇ ಅಂಟಿಸುವವರಿಗೂ ಇದೇ ಮಾತು. ಬೇಸಿಗೆ ಮದ್ದು ಎಂದರೆ ಸರಿಯಾದ ಸೈಜು ಮತ್ತು ಸರಿಯಾದ ಜಾಗ, ಅಷ್ಟೇ.

ಷೋಕೇಸಿನಲ್ಲಿ ಇಡಬಹುದಾ?

ಇಡಲೇಬೇಕು ಅಂತಿದ್ದರೆ ಸ್ಪೀಕರಿನ ಹಿಂಭಾಗ ನೋಡಿ. ಗಾಳಿ ಆಡುವ ರಂಧ್ರ ಹಿಂದೆ ಇದ್ದರೆ, ಅಂದರೆ ಅದರ ಪೋರ್ಟ್ ಹಿಂದಕ್ಕಿದ್ದರೆ, ಗೂಡಿನೊಳಗೆ ಅದಕ್ಕೆ ಉಸಿರು ಕಟ್ಟುತ್ತದೆ. ಗೋಡೆಯಿಂದ ಕನಿಷ್ಠ ಒಂದಡಿ ಬಿಡಬೇಕು. ಕೆಇಎಫ್ ಕ್ಯೂ150, ಜೆಬಿಎಲ್ ಸ್ಟೇಜ್ ಎ130, ಕ್ಲಿಪ್ಷ್ ಆರ್-51ಎಂ ಈ ಜಾತಿಯವು. ಎಲಾಕಿನ ಡೆಬ್ಯೂ 2.0 ಸಾಲಿನ ಬಿ5.2, ಬಿ6.2 ಮತ್ತು ಎಡಿಫೈಯರ್ ಆರ್1280ಟಿ ಮುಂದಕ್ಕೆ ಪೋರ್ಟ್ ಇರುವಂಥವು. ಗೋಡೆಗೆ ಹತ್ತಿರ ಇಡಬೇಕಾದವರು ಇವುಗಳ ಕಡೆ ನೋಡಬಹುದು. ಹಾಗಂತ ಪೋರ್ಟ್ ಮುಂದಿದ್ದರೆ ಗೋಡೆಯ ಕಾಟವೇ ಇಲ್ಲ ಎಂದುಕೊಳ್ಳಬೇಡಿ. ಗೋಡೆ ಹತ್ತಿರವಿದ್ದಷ್ಟೂ ಬೇಸ್ ಏರುತ್ತದೆ, ಮೂಲೆಯಲ್ಲಿ ಇನ್ನೂ ಏರುತ್ತದೆ. ಅದಕ್ಕೆ ಪೋರ್ಟ್ ಎಲ್ಲಿದೆ ಅನ್ನುವುದು ಮುಖ್ಯವಲ್ಲ. ಹಿಂದಿನ ಪೋರ್ಟಿಗೆ ಹಳೇ ಕಾಲುಚೀಲ ತುರುಕುವ ಉಪಾಯವೂ ಇದೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಕೆಲಸ ಮಾಡುತ್ತದೆ.

ನೀವು ಏನು ಕೇಳುತ್ತೀರಿ?

ಅಂಗಡಿಯವರು ಈ ಪ್ರಶ್ನೆ ಕೇಳುವುದೇ ಇಲ್ಲ. ಸ್ಪೀಕರಿನ ಆಯ್ಕೆಯಲ್ಲಿ ಕೋಣೆ ಬಿಟ್ಟರೆ ಮುಖ್ಯವಾದದ್ದು ಇದೇ.

ಸಂಗೀತ ಕಛೇರಿ ಕೇಳುವವರಿಂದ ಶುರು ಮಾಡೋಣ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಗೆ ಗಂಡು ದನಿ ಹಾಡಿದರೆ ಆಧಾರ ಷಡ್ಜ ಸುಮಾರು 131 ಹರ್ಟ್ಜ್. ತಂಬೂರಿಯ ಮಂದ್ರ ಷಡ್ಜ ಅದರರ್ಧ, 65. ಮೃದಂಗದ ಎಡಗಡೆಯ ಜಾರುವ ನಾದ, ಅಂದರೆ ಗುಂಕಿಯೂ ಆ ಸುತ್ತಮುತ್ತಲೇ ಓಡಾಡುತ್ತದೆ. ಹೆಣ್ಣು ದನಿಗೆ ಬಿಳಿ ಐದರ ಶ್ರುತಿಯಾದರೆ ಷಡ್ಜವೇ 196ಕ್ಕೆ ಏರಿತು. ಅಂದರೆ ಇಡೀ ಕಛೇರಿ 65ರ ಮೇಲೇ ನಡೆದುಹೋಗುತ್ತದೆ. 40 ಹರ್ಟ್ಜ್ ಕೊಡುವ ಸ್ಪೀಕರಿಗೆ ಸುಮ್ನೆ ಯಾಕೆ ದುಡ್ಡು? ಇವರಿಗೆ ಬೇಕಾದದ್ದು ಮಧ್ಯದ ಸ್ವರಗಳ ಸ್ವಚ್ಛತೆ. ಪಿಟೀಲು ಗಾಯಕರ ಹಿಂದೆಯೇ ಹೋಗುವಾಗ ಎರಡೂ ಬೇರೆ ಬೇರೆ ಕೇಳಬೇಕು. ಗುಂಕಿ ಜಾರುವುದು ಕೇಳಬೇಕು, ಒಂದೇ ಸ್ವರದ ಗುದ್ದು ಆಗಬಾರದು. ಚದರ ಕೋಣೆಯಲ್ಲಿ ದೊಡ್ಡ ಸ್ಪೀಕರ್ ಮೊದಲು ಕೆಡಿಸುವುದು ಈ ಗುಂಕಿಯನ್ನೇ.

ಮನುಷ್ಯರ ದನಿಗೆ ಚಿಕ್ಕ ಪೆಟ್ಟಿಗೆ ಸಾಕು ಎನ್ನುವುದು ಹೊಸ ಮಾತೇನಲ್ಲ. 1970ರ ದಶಕದಲ್ಲಿ ಬಿಬಿಸಿಯವರು ತಮ್ಮ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದೇ ಎಲ್‌ಎಸ್3/5ಎ ಎಂಬ ಸ್ಪೀಕರ್ ವಿನ್ಯಾಸ ಮಾಡಿದರು. ಪೋರ್ಟೇ ಇಲ್ಲದ ಮುಚ್ಚಿದ ಪೆಟ್ಟಿಗೆ, ಕೆಇಎಫ್‌ನ ಐದು ಇಂಚಿನ ವೂಫರ್. ಆಳದ ಬೇಸ್ ಇಲ್ಲ, ಜೋರೂ ಇಲ್ಲ. ಆದರೂ ಆ ವಿನ್ಯಾಸದ ಸ್ಪೀಕರುಗಳು ಇಂದಿಗೂ ತಯಾರಾಗುತ್ತಿವೆ, ಜನ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಿದ್ದಾರೆ. ಅಷ್ಟು ಕೊಡಿ ಅಂತ ನಾನು ಹೇಳುತ್ತಿಲ್ಲ. ವ್ಯಾನಿನಷ್ಟು ಜಾಗ, ಮಾತು ಮತ್ತು ಹಾಡು ಮುಖ್ಯ ಎಂದಾಗ ಎಂಜಿನಿಯರುಗಳು ಯಾವ ಸೈಜಿಗೆ ಹೋದರು ನೋಡಿ ಅಂತಷ್ಟೇ.

ಭಾವಗೀತೆ, ರಂಗಗೀತೆ, ರಾಜ್‌ಕುಮಾರ್ ಹಾಡುಗಳನ್ನು ಕೇಳುವವರಿಗೆ ಇನ್ನೊಂದು ಎಚ್ಚರ ಬೇಕು. ಸಿ. ಅಶ್ವಥ್ ಅವರ ದನಿ ತಾರಕ್ಕೇರಿದಾಗ, ಹಾರ್ಮೋನಿಯಂ ರೀಡುಗಳು ಒಟ್ಟಿಗೆ ಕೂಗಿದಾಗ, ಹಳೇ ಧ್ವನಿಮುದ್ರಣಗಳಲ್ಲಿ ಒಂದು ಕರ್ಕಶ ಅಂಚು ಇದ್ದೇ ಇರುತ್ತದೆ. ಟೈಲ್ಸ್ ನೆಲದ ಹಾಲಿನಲ್ಲಿ ಚುರುಕು ಟ್ವೀಟರ್ (ಮೇಲಿನ ಸ್ವರ ಕೊಡುವ ಚಿಕ್ಕ ಭಾಗ) ಇಟ್ಟರೆ ಆ ಅಂಚು ಕಿವಿಗೆ ಚುಚ್ಚುತ್ತದೆ. ಗುಬ್ಬಿ ವೀರಣ್ಣನವರ ಜಿಲ್ಲೆಯವರು ನಾವು, ಹಾರ್ಮೋನಿಯಂ ಚುಚ್ಚಿದರೆ ಹೇಗೆ? ಇವರಿಗೆ ಬಟ್ಟೆಯ ಗುಮ್ಮಟದ ಟ್ವೀಟರ್ ಇರುವ, ಸ್ವಭಾವತಃ ಮೆದುವಾದ ಸ್ಪೀಕರ್ ಒಳ್ಳೆಯದು. ಡೈಮಂಡ್ 12.1 ನನ್ನ ಮೊದಲ ಆಯ್ಕೆ. ಕಹಳೆ ಬಾಯಿನ ಟ್ವೀಟರ್ ಇರುವ ಕ್ಲಿಪ್ಷ್ ಇವರಿಗಲ್ಲ.

ಹಾಗಾದರೆ ಕ್ಲಿಪ್ಷ್ ಯಾರಿಗೆ? ಹೊಸ ಸಿನಿಮಾ ಹಾಡು, ತಮಟೆ, ರಾಕ್ ಕೇಳುವವರಿಗೆ, ಶನಿವಾರ ರಾತ್ರಿ ಮನೆಯನ್ನೇ ಟಾಕೀಸು ಮಾಡುವವರಿಗೆ. ಕಹಳೆಯಿಂದಾಗಿ ಕಡಿಮೆ ಪವರಿಗೇ ಜೋರು ಬರುತ್ತದೆ, ಪೆಟ್ಟು ಬಿದ್ದದ್ದು ಎದೆಗೆ ತಟ್ಟುತ್ತದೆ. ಜೆಬಿಎಲ್ ಎ130 ಕೂಡ ಇದೇ ಸ್ವಭಾವದ್ದು, ಸ್ವಲ್ಪ ತಣ್ಣಗೆ. ಆದರೆ ಪರದೆ, ಜಮಖಾನ ಮೊದಲು ಬಂದಿರಬೇಕು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್. ಎಲೆಕ್ಟ್ರಾನಿಕ್ ಹಾಡುಗಳು ಅದಕ್ಕಿಂತಲೂ ಕೆಳಗೆ ಹೋಗುತ್ತವೆ. ಅಷ್ಟು ಆಳ ಬೇಕೇ ಬೇಕು ಎನ್ನುವವರು ದೊಡ್ಡ ಬುಕ್‌ಶೆಲ್ಫ್ ಬದಲು ಚಿಕ್ಕದನ್ನೇ ತಂದು, ಮುಂದೊಂದು ದಿನ ಆಳದ ಬೇಸಿಗೆಂದೇ ಇರುವ ಬೇರೆ ಸಬ್‌ವೂಫರ್ ಸೇರಿಸುವುದು ಜಾಣತನ. ಸಬ್ಬಿಗಾದರೆ ಪ್ರತ್ಯೇಕ ವಾಲ್ಯೂಮ್ ಇರುತ್ತದೆ, ರಾತ್ರಿ ಇಳಿಸಬಹುದು.

ಬರೀ ಟಿವಿಗೆ, ಧಾರಾವಾಹಿಗೆ, ವಾರ್ತೆಗೆ ಎಂದರೆ ಇಷ್ಟೆಲ್ಲ ತಲೆಬಿಸಿ ಬೇಡ. ಒಂದು ಸೌಂಡ್‌ಬಾರ್ ತನ್ನಿ.

ಆಕ್ಟಿವ್ ಅಥವಾ ಪ್ಯಾಸಿವ್

ಆಕ್ಟಿವ್ ಅಂದರೆ ದನಿಗೆ ಬಲ ಕೊಡುವ ಆಂಪ್ಲಿಫೈಯರ್ (ಆಂಪ್) ಸ್ಪೀಕರಿನ ಹೊಟ್ಟೆಯಲ್ಲೇ ಇರುವಂಥದ್ದು. ಪ್ಲಗ್ ಹಾಕಿ, ಫೋನ್ ಜೋಡಿಸಿ, ಮುಗಿಯಿತು. ಪ್ಯಾಸಿವ್‌ಗೆ ಬೇರೆ ಆಂಪ್ ಬೇಕು, ತಂತಿ ಎಳೆಯಬೇಕು.

ಕೈಯಲ್ಲಿ ಹತ್ತು ಸಾವಿರದ ಆಸುಪಾಸು ಇದ್ದರೆ ಆಕ್ಟಿವ್ ಕಡೆಗೇ ಹೋಗಿ. ಎಡಿಫೈಯರ್ ಆರ್1280ಟಿ ನಾಲ್ಕು ಇಂಚಿನದು, ಎರಡೂ ಸೇರಿ 42 ವ್ಯಾಟ್. ಅದರಲ್ಲಿ ಬ್ಲೂಟೂತ್ ಇಲ್ಲ. ಬ್ಲೂಟೂತ್ ಮತ್ತು ಟಿವಿಯ ಆಪ್ಟಿಕಲ್ ತಂತಿ ಬೇಕಾದವರು ಆರ್1280ಡಿಬಿ ನೋಡಬೇಕು. 10×10 ಕೋಣೆಯಲ್ಲಿ ಮೇಜಿನ ಮೇಲಿಟ್ಟು ಓದುವ ಮಕ್ಕಳಿಗೆ, ಬಾಡಿಗೆ ರೂಮಿನವರಿಗೆ ಇದಕ್ಕಿಂತ ಜಾಸ್ತಿ ಬೇಕಿಲ್ಲ. ಹತ್ತಿರ ಕೂತು ಕೇಳಿದಷ್ಟೂ ಕೋಣೆಯ ಕಾಟ ಕಡಿಮೆ, ಅದು ಇನ್ನೊಂದು ಲಾಭ. ದುಡ್ಡು ಜಾಸ್ತಿ ಇದ್ದು, ಸ್ಟುಡಿಯೋ ಥರದ ನೇರ ದನಿ ಬೇಕು ಎನ್ನುವವರಿಗೆ ಕೋಲ್ಕತ್ತದ ಸೋನೋಡೈನ್‌ನ ಆಕ್ಟಿವ್ ಮಾನಿಟರುಗಳಿವೆ. 1970ರಲ್ಲಿ ಶುರುವಾದ ದೇಶಿ ಕಂಪನಿ ಅದು.

ಆದರೆ ನಮ್ಮ ಊರಿನ ಕರೆಂಟಿನ ಬುದ್ಧಿ ಗೊತ್ತಲ್ಲ. ಮುಂಗಾರಿನ ಮೊದಲ ಗುಡುಗಿಗೆ ಹೋಗುತ್ತದೆ, ಬರುವಾಗ ದಢಕ್ಕನೆ ಬರುತ್ತದೆ. ಆಕ್ಟಿವ್ ಸ್ಪೀಕರಿನ ಒಳಗಿನ ಬೋರ್ಡಿಗೆ ಏಟು ಬಿದ್ದರೆ ಇಡೀ ಸ್ಪೀಕರೇ ಮೂಕ. ಅಶೋಕ ರಸ್ತೆಯ ರೇಡಿಯೋ ರಿಪೇರಿ ಅಂಗಡಿಗೆ ಒಯ್ದರೆ, "ಅಣ್ಣಾ, ಈ ಬೋರ್ಡು ಸಿಗಲ್ಲ, ಪೂರ್ತಿ ಚೇಂಜ್ ಮಾಡ್ಬೇಕು" ಎನ್ನುತ್ತಾರೆ. ತಪ್ಪು ಅವರದಲ್ಲ, ಅಕ್ಕಿ ಕಾಳಿಗಿಂತ ಸಣ್ಣ ಬಿಡಿಭಾಗಗಳವು. ಪ್ಯಾಸಿವ್‌ನಲ್ಲಿ ಸುಟ್ಟರೆ ಆಂಪ್ ಮಾತ್ರ ಸುಡುತ್ತದೆ, ಸ್ಪೀಕರ್ ಬಹುತೇಕ ಉಳಿಯುತ್ತದೆ. ಇಪ್ಪತ್ತು ವರ್ಷ ಒಂದೇ ಜೋಡಿ ಇಟ್ಟುಕೊಳ್ಳುವ ಮನಸ್ಸಿದ್ದರೆ ಪ್ಯಾಸಿವ್‌ಗೇ ನನ್ನ ಓಟು. ಯಾವುದೇ ತಂದರೂ ಗುಡುಗಿದಾಗ ಪ್ಲಗ್ ಕೀಳಿ.

ಬ್ಲೂಟೂತ್ ದನಿಯ ಬಗ್ಗೆ ಗಲಾಟೆ ಜಾಸ್ತಿ, ವ್ಯತ್ಯಾಸ ಕಡಿಮೆ. ಟಿವಿಗೆ ಮಾತ್ರ ತಂತಿಯನ್ನೇ ಬಳಸಿ. ಬ್ಲೂಟೂತಿನಲ್ಲಿ ತುಟಿ ಮುಂದೆ, ಮಾತು ಹಿಂದೆ ಆಗುತ್ತದೆ.

ವ್ಯಾಟ್ ಎಂಬ ಮಾಯೆ

"ಸಾರ್, ಇದು ಐದು ಸಾವಿರ ವ್ಯಾಟ್ಸು" ಎಂದರೆ ನಕ್ಕು ಮುಂದೆ ಹೋಗಿ. ಅದು ಪಿಎಂಪಿಒ ಲೆಕ್ಕ, ಯಾರಿಗೂ ಅರ್ಥವಿಲ್ಲದ್ದು. ಆರ್‌ಎಂಎಸ್ ಎಷ್ಟು ಅಂತ ಕೇಳಿ, ಆಂಪ್ ಎಡೆಬಿಡದೆ ಕೊಡಬಲ್ಲ ಪವರ್ ಅದು. ಸ್ಪೀಕರಿನ ಮೇಲೆ 86 ಡೆಸಿಬಲ್ ಅಂತ ಬರೆದಿದ್ದರೆ, ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಬರುವ ಜೋರು ಅದು. ಎಂಟಡಿ ದೂರದ ಸೋಫಾದಲ್ಲಿ ಕೂತರೆ, ಜೋಡಿ ಸ್ಪೀಕರ್ ಸೇರಿ, ಆ ಒಂದು ವ್ಯಾಟಿಗೇ 80ರ ಮೇಲೆ ಸಿಗುತ್ತದೆ. ಮನೆಯ ಮಾತುಕತೆ 60ರ ಸುತ್ತ ಇರುತ್ತದೆ. ಇನ್ನು ಹತ್ತು ಡೆಸಿಬಲ್ ಬೇಕೆಂದರೆ ಹತ್ತು ಪಟ್ಟು ಪವರ್, ಅಂದರೆ ಹತ್ತು ವ್ಯಾಟ್. ನಮ್ಮ ಹಾಲಿಗೆ ನಿಜವಾದ 30 ವ್ಯಾಟ್ ಧಾರಾಳ. ಈಗ ಬರುವ ಅಂಗೈಯಗಲದ ಕ್ಲಾಸ್-ಡಿ ಆಂಪುಗಳಿಗೂ ಅದು ಸಾಧ್ಯ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ತೂಕದ ಆಂಪೇ ಬೇಕು ಎನ್ನುವವರಿಗೆ ದೇಶಿ ನಾರ್ಜ್ ಇದೆ, ರಿಪೇರಿಯೂ ಸುಲಭ.

ತಂತಿಗೆ ದುಡ್ಡು ಸುರಿಯಬೇಡಿ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರಿನ ತಾಮ್ರದ ಜೋಡಿ ತಂತಿ ಐದು ಮೀಟರ್‌ವರೆಗೆ ಸಾಕು.

ಸ್ಟ್ಯಾಂಡು ಇಲ್ಲೇ ಮಾಡಿಸಿ

ಸೋಫಾದಲ್ಲಿ ಕೂತಾಗ ನಿಮ್ಮ ಕಿವಿ ನೆಲದಿಂದ ಸುಮಾರು ಮೂರಡಿ ಎತ್ತರದಲ್ಲಿರುತ್ತದೆ. ಟ್ವೀಟರ್ ಆ ಮಟ್ಟಕ್ಕೆ ಬರಬೇಕು. ಒಂದಡಿ ಎತ್ತರದ ಸ್ಪೀಕರಿಗೆ ಎರಡಡಿ ಸ್ಟ್ಯಾಂಡು ಸರಿಹೋಗುತ್ತದೆ. ಆನ್‌ಲೈನಿನಲ್ಲಿ ಸಿಗುವ ತೆಳು ಕಾಲಿನವು ಮಕ್ಕಳು ಓಡಿದರೆ ಬೀಳುತ್ತವೆ. ಶಿರಾ ಗೇಟ್ ಕಡೆ, ಗುಬ್ಬಿ ಗೇಟ್ ಕಡೆ ಗ್ರಿಲ್ ಕೆಲಸದವರಿಗೆ ಹೇಳಿ. ಮೂರು ಇಂಚಿನ ಚೌಕ ಪೈಪು, ಕೆಳಗೆ ಮೇಲೆ ದಪ್ಪ ಪ್ಲೇಟು. ಮೇಲಿನ ಪ್ಲೇಟನ್ನು ಬೆಸುಗೆ ಹಾಕುವ ಮೊದಲು ಪೈಪಿಗೆ ಚೆನ್ನಾಗಿ ಒಣಗಿದ ಎಂ-ಸ್ಯಾಂಡ್ ತುಂಬಿಸಿ. ಮರಳು ತುಂಬದ ಪೈಪನ್ನು ಬೆರಳಿನಿಂದ ತಟ್ಟಿದರೆ 'ಟಣ್' ಅನ್ನುತ್ತದೆ, ತುಂಬಿದ್ದು 'ದಪ್' ಅನ್ನುತ್ತದೆ. ಬೇಕಾದದ್ದು ಆ ದಪ್. ಕೆಳಗೆ ಗ್ರಾನೈಟ್ ಅಂಗಡಿಯ ಒಂದು ತುಂಡು ಹಾಕಿದರೆ ಅಲುಗಾಡುವ ಮಾತೇ ಇಲ್ಲ.

ಎರಡು ಸ್ಪೀಕರಿನ ನಡುವೆ ಆರಡಿ, ನಿಮಗೂ ಅವಕ್ಕೂ ಏಳಡಿ ಇಟ್ಟು ಶುರು ಮಾಡಿ. ಸೋಫಾದ ಬೆನ್ನು ಗೋಡೆಗೆ ಅಂಟಿದ್ದರೆ ಒಂದಡಿ ಮುಂದಕ್ಕೆ ಎಳೆಯಿರಿ. ಗೋಡೆಗೆ ತಲೆಯಾನಿಸಿ ಕೂತ ಜಾಗದಲ್ಲೇ ಬೇಸಿನ ಉಬ್ಬು ಅತಿ ಹೆಚ್ಚು. ಮನೆಯವರು ಒಪ್ಪದಿದ್ದರೆ ಭಾನುವಾರ ಮಾತ್ರ ಎಳೆಯಿರಿ. ಫ್ಯಾನು ನಾಲ್ಕರಲ್ಲಿ ತಿರುಗುತ್ತಿದ್ದರೆ ತಂಬೂರಿಯ ಝೇಂಕಾರ ಅದರಲ್ಲೇ ಮುಳುಗುತ್ತದೆ, ಎರಡಕ್ಕಿಳಿಸಿ.

ಕೇಳಿ ನೋಡುವುದು ಎಲ್ಲಿ?

ಊರಲ್ಲಿ ಸಿಗುವುದು ಬಹುಪಾಲು ಹೋಮ್ ಥಿಯೇಟರ್ ಡಬ್ಬಗಳು. ಜೋಡಿ ಸ್ಪೀಕರ್ ಕೂತು ಕೇಳಬೇಕೆಂದರೆ 70 ಕಿಲೋಮೀಟರ್ ದೂರದ ಬೆಂಗಳೂರೇ ಗತಿ. ಬೆಳಗಿನ ರೈಲಿಗೆ ಹೋದರೆ ಸಂಜೆಯೊಳಗೆ ಎರಡು ಮೂರು ಶೋರೂಮು ಮುಗಿಸಿ ಬರಬಹುದು. ಆಂಪ್ ಬೋರ್ಡು, ಕನೆಕ್ಟರ್ ಬೇಕಾದವರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಶೋರೂಮಿನ ಕೋಣೆಗೆ ಕಾರ್ಪೆಟ್ಟು, ಗೋಡೆಗೆ ಫೋಮು ಇರುತ್ತದೆ. ಸೀರೆ ಅಂಗಡಿಯ ಲೈಟಿನಲ್ಲಿ ಕಂಡ ಬಣ್ಣ ಮನೆ ಬಾಗಿಲಿನ ಬಿಸಿಲಿಗೆ ಬೇರೆಯಾಗುವ ಹಾಗೆ, ಅಲ್ಲಿ ಹಿತವಾಗಿದ್ದ ಟ್ವೀಟರ್ ನಿಮ್ಮ ಟೈಲ್ಸಿನ ಮೇಲೆ ಚುರುಕಾಗುತ್ತದೆ. ಅಲ್ಲೇ ಸ್ವಲ್ಪ ಚುರುಕು ಅನ್ನಿಸಿದ್ದನ್ನು ಬಿಟ್ಟುಬಿಡಿ.

ಅವರು ಹಾಕುವ ಇಂಗ್ಲಿಷ್ ಡೆಮೊ ಹಾಡು ಯಾವ ಸ್ಪೀಕರಿನಲ್ಲೂ ಚೆನ್ನಾಗೇ ಕೇಳುತ್ತದೆ. ನಿಮಗೆ ಬಾಯಿಪಾಠ ಇರುವ ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಅದರಲ್ಲೊಂದು ಕೆಟ್ಟ ಧ್ವನಿಮುದ್ರಣವೂ ಇರಲಿ. ಎರಡು ಸ್ಪೀಕರ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಲು ಹೇಳಿ. ಒಂದು ಚೂರು ಜೋರಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ಮಾರುವವರಿಗೆ ಇದು ಗೊತ್ತು.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ವೂಫರಿನ ಅಂಚು ಗಮನಿಸಿ. ರಬ್ಬರ್ ಇದ್ದರೆ ಚಿಂತೆ ಕಡಿಮೆ, ಫೋಮ್ ಆಗಿದ್ದರೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಕೋನನ್ನು ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒಳಗೆ ಒತ್ತಿ. ಕರಕರ ಎಂದರೆ ಒಳಗಿನ ಕಾಯಿಲ್ (ತಂತಿಯ ಸುರುಳಿ) ಉಜ್ಜುತ್ತಿದೆ, ಬೇಡ ಅನ್ನಿ.

ಮನೆಗೆ ತಂದು ಜೋಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯೇ ನೋಡಿಕೊಂಡು, ಒಬ್ಬರೇ ಹಾಡಿರುವ ಹಳೇ ಮೋನೋ ಹಾಡು ಹಾಕಿ. ದನಿ ಎರಡು ಸ್ಪೀಕರಿನ ನಟ್ಟನಡುವೆ, ಗಾಳಿಯಲ್ಲಿ ಒಬ್ಬರು ನಿಂತ ಹಾಗೆ ಬರಬೇಕು. ಎಲ್ಲೋ ಹರಡಿ ಹೋಗಿ, ಬೇಸೂ ಸಣ್ಣಗಾಗಿದ್ದರೆ ಒಂದು ಕಡೆಯ ತಂತಿ ತಿರುಗುಮುರುಗಾಗಿದೆ. ಆಂಪ್ ಆಫ್ ಮಾಡಿ, ಆ ಒಂದು ಸ್ಪೀಕರಿನದು ಮಾತ್ರ ಅದಲುಬದಲು ಮಾಡಿ. ಲ್ಯಾಪ್‌ಟಾಪ್ ಜೋಡಿಸಿದಾಗ ಮಾತ್ರ 'ಗುಂಯ್' ಅಂತ ಬಂದರೆ ಸ್ಪೀಕರನ್ನು ಬೈಯಬೇಡಿ, ಚಾರ್ಜರ್ ಕಿತ್ತು ನೋಡಿ.